ಉಪ್ಪಿನ ಮರಿಗೆಯಿಂದ ಬಿಳಿಯ ಪುಡಿಯವರೆಗೆ

ಆಷಾಢದ ಮಳೆಯಲ್ಲಿ ನೀವು ಸಕಲೇಶಪುರದ ಕಡೆ ಹೋಗಿದ್ದೀರಾ? ಹೋಗಿದ್ದರೆ ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಉಪ್ಪಿನ ಮರಿಗೆಯನ್ನು ನೋಡಿರಬಹುದು. ಮರದಲ್ಲಿ ಕೊರೆದ ಈ ಪಾತ್ರೆಯ ಜಾಗ ಒಲೆಯ ಪಕ್ಕ. ಒಲೆಯಿಂದ ನಾಲ್ಕು ಅಡಿ ದೂರ ಸರಿಸಿಟ್ಟರೂ ಸಾಕು, ಹರಳುಪ್ಪು ಬೆವರತೊಡಗುತ್ತದೆ. ಕೆಲವೇ ದಿನಗಳಲ್ಲಿ ತಳದಲ್ಲಿ ನೀರು ನಿಲ್ಲುತ್ತದೆ.

ಇದಕ್ಕೆ ಕಾರಣ ಸರಳ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ನ್ನು ದಾಟಿದೊಡನೆ ಸೋಡಿಯಂ ಕ್ಲೋರೈಡ್ ಗಾಳಿಯಿಂದ ನೀರನ್ನು ಹೀರಿಕೊಂಡು ಕರಗಲು ಆರಂಭಿಸುತ್ತದೆ. ಸಮುದ್ರದ ಹರಳುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಶೇ. 33ರಷ್ಟು ಆರ್ದ್ರತೆಯೇ ಸಾಕು. ಮಳೆಗಾಲದ ಮಲೆನಾಡಿನಲ್ಲಿ ಆರ್ದ್ರತೆ ದಿನಗಟ್ಟಲೆ ಶೇ. 90ರ ಮೇಲೆಯೇ ಇರುತ್ತದೆ. ಉಪ್ಪು ಬೆವರದೆ ಇನ್ನೇನು ಮಾಡೀತು? ಈ 75 ಎಂಬ ಅಂಕಿಯನ್ನು ನೆನಪಿನಲ್ಲಿಡಿ. ಅದು ಮತ್ತೆ ಬರುತ್ತದೆ.

ಉಪ್ಪೇ ನಿಲ್ಲದ ಹವೆಯಲ್ಲಿ ಉಳಿದ ಆಹಾರದ ಪಾಡೇನು? ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ ಬದುಕಿದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂತೆಯನ್ನು ನೆಚ್ಚುವಂತಿರಲಿಲ್ಲ. ಹಳ್ಳ ತುಂಬಿದರೆ ದಾರಿ ಇಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಬೇಸಗೆಯಲ್ಲಿ ಕೂಡಿಟ್ಟದ್ದನ್ನು ನಾಲ್ಕು ತಿಂಗಳು ಕೆಡದಂತೆ ಕಾಪಾಡಬೇಕಿತ್ತು. ಅವರ ಬಳಿ ಇದ್ದದ್ದು ಉಪ್ಪು, ಹುಳಿ, ಹೊಗೆ ಈ ಮೂರೇ. ಬಳಿಕ ಇವುಗಳ ಸಾಲಿಗೆ ಕೆಲವು ಬಿಳಿಯ ಪುಡಿಗಳು ಬಂದು ಸೇರಿದವು. ಆಹಾರ ಪರಿರಕ್ಷಕಗಳ ಈ ಇತಿಹಾಸವನ್ನು ನಾವು ಸಾಮಾನ್ಯವಾಗಿ 'ನೈಸರ್ಗಿಕ' ಮತ್ತು 'ರಾಸಾಯನಿಕ' ಎಂದು ಇಬ್ಭಾಗ ಮಾಡಿ ನೋಡುತ್ತೇವೆ. ಈ ವಿಂಗಡಣೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಡುಗೆ ಉಪ್ಪೂ ಒಂದು ರಾಸಾಯನಿಕವೇ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಯಾವುದನ್ನು ಎಷ್ಟು ಹಾಕಬೇಕೆಂದು ತಿಳಿಯುತ್ತಿದ್ದುದು ಹೇಗೆ? ಮೊದಲು ಅದನ್ನು ಹೇಳುತ್ತಿದ್ದುದು ನಾಲಿಗೆ. ನಾಲಿಗೆ ಎಲ್ಲಿಯವರೆಗೆ ಸರಿಯಾದ ಅಳತೆಗೋಲಾಗಿತ್ತು, ಎಲ್ಲಿ ಸೋತಿತು ಎಂಬುದನ್ನು ನೋಡೋಣ.

ಘಟ್ಟ ಹತ್ತಿದ ಉಪ್ಪು

ಮಲೆನಾಡಿನಲ್ಲಿ ಉಪ್ಪು ಬೆಳೆಯುವುದಿಲ್ಲ. ಅದು ಕರಾವಳಿಯಿಂದ ಘಟ್ಟದ ದಾರಿಗಳನ್ನು ಹತ್ತಿ ಬರಬೇಕಿತ್ತು. ಆದರೂ ಉಪ್ಪಿನಕಾಯಿಯ ವಿಷಯದಲ್ಲಿ ಇಲ್ಲಿನವರು ಎಂದೂ ಕೈ ಬಿಗಿಹಿಡಿದವರಲ್ಲ. ಆ ಪದವನ್ನೇ ಬಿಡಿಸಿ ನೋಡಿ: ಉಪ್ಪಿನ ಕಾಯಿ. ಖಾರ, ಸಾಸಿವೆ, ಇಂಗು ಇವೆಲ್ಲ ಹೆಸರಿನಲ್ಲಿ ಸ್ಥಾನ ಪಡೆಯಲಿಲ್ಲ. ಕನ್ನಡದಲ್ಲಿ ಇದರ ದಾಖಲೆಯೂ ಹಳೆಯದು. 1594ರ ಗುರುಲಿಂಗ ದೇಶಿಕನ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ವರ್ಣನೆ ಇರುವುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ. ಅವರು ವೃತ್ತಿಯಿಂದ ತೈಲ ರಸಾಯನ ವಿಜ್ಞಾನಿ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷ ತರುವ ಸಂಗತಿ.

ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೀವು ನೋಡಿದ್ದರೆ ಕ್ರಮ ಗೊತ್ತಿರುತ್ತದೆ. ತೊಟ್ಟು ಮುರಿಯದಂತೆ ಕೊಯ್ದ ಮಿಡಿಯನ್ನು ಜಾಡಿಯಲ್ಲಿ ಒಂದು ಪದರ ಹರಡಿ, ಮೇಲೆ ಒಂದು ಪದರ ಹರಳುಪ್ಪು ಹಾಕಿ, ಹೀಗೆಯೇ ಬಾಯಿವರೆಗೆ ತುಂಬುತ್ತಾರೆ. ಕೆಲವು ದಿನಗಳಲ್ಲಿ ಉಪ್ಪೆಲ್ಲ ಕರಗಿ ನೀರಾಗುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ಪಠ್ಯಪುಸ್ತಕ ಇದನ್ನು ಪರಾಸರಣ ಎಂದು ವಿವರಿಸುತ್ತದೆ. ಕಾಯಿಯ ಕೋಶದೊಳಗಿನ ನೀರು ಹೊರಬಂತು, ಹಾಗೆಯೇ ಬ್ಯಾಕ್ಟೀರಿಯದ ಕೋಶದೊಳಗಿನ ನೀರೂ ಹೊರಬಂದು ಅದು ಸೊರಗಿತು ಎಂದು. ಇದು ಸರಿಯೇ. ಆದರೆ ಎಷ್ಟು ಉಪ್ಪಿಗೆ ಯಾವ ಜೀವಿ ಸೋಲುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರಕ್ಕೆ ದಾರಿ ತೋರಿಸಿದವರು ಆಸ್ಟ್ರೇಲಿಯದ ಡಬ್ಲ್ಯು.ಜೆ. ಸ್ಕಾಟ್. 1953ರಲ್ಲಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯದ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು, ಆಹಾರದಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ಸೂಕ್ಷ್ಮಜೀವಿಗೆ ಒದಗುವಂತಿದೆ ಎನ್ನುವುದೇ ಮುಖ್ಯವೆಂದು ತೋರಿಸಿದರು. ಇದನ್ನು ಜಲಸಕ್ರಿಯತೆ ಎಂದು ಕರೆಯೋಣ. ಶುದ್ಧ ನೀರಿಗೆ ಅದು 1. ಬಹುಪಾಲು ಬ್ಯಾಕ್ಟೀರಿಯಗಳು 0.91ರ ಕೆಳಗೆ ಬೆಳೆಯಲಾರವು. ಹಟಮಾರಿ ಸ್ಟೆಫಿಲೊಕಾಕಸ್ 0.86ರವರೆಗೆ ತಡೆದುಕೊಳ್ಳುತ್ತದೆ, ಕೆಲವು ಬೂಷ್ಟುಗಳು ಇನ್ನೂ ಕೆಳಗಿಳಿಯುತ್ತವೆ.

ಇನ್ನು ಮೇಲೆ ಕರಗಲಾರದಷ್ಟು ಉಪ್ಪು ತುಂಬಿದ ಪರ್ಯಾಪ್ತ ದ್ರಾವಣದ ಜಲಸಕ್ರಿಯತೆ ಎಷ್ಟು ಗೊತ್ತೆ? 0.75. ಮರಿಗೆಯ ಪಕ್ಕ ನಾವು ಕಂಡ ಶೇ. 75 ಇದೇ! ಮಳೆಗಾಲದಲ್ಲಿ ಗಾಳಿಯ ನೀರನ್ನು ಉಪ್ಪು ಎಳೆದುಕೊಳ್ಳುವುದೂ ಜಾಡಿಯಲ್ಲಿ ಸೂಕ್ಷ್ಮಜೀವಿಗೆ ನೀರು ಸಿಗದಂತೆ ಹಿಡಿದಿಡುವುದೂ ಒಂದೇ ಗುಣದ ಎರಡು ಮುಖಗಳು. ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ಹೇಳಿದರೆ ಮಕ್ಕಳಿಗೆ ಬಲುಬೇಗ ಮನದಟ್ಟಾಗುತ್ತದೆ.

ತೂಕದಲ್ಲಿ ಶೇ. 9ರಿಂದ 10ರಷ್ಟು ಉಪ್ಪಿರುವ ದ್ರಾವಣದ ಜಲಸಕ್ರಿಯತೆ 0.94, ಸುಮಾರು ಶೇ. 18 ಇದ್ದರೆ 0.86. ಹಳೆಯ ಕ್ರಮದ ಮಿಡಿ ಜಾಡಿ ಈ ಎರಡನೆಯ ಅಂಕಿಯ ಆಸುಪಾಸಿನಲ್ಲಿರುತ್ತದೆ. ಒದ್ದೆ ಕೈಯನ್ನು ಜಾಡಿಗೆ ಹಾಕಬಾರದು ಎಂಬ ಮನೆಯ ಕಟ್ಟಳೆಯ ಅರ್ಥವೂ ಇಲ್ಲೇ ಇದೆ. ನಾಲ್ಕು ಹನಿ ನೀರು ಬಿದ್ದ ಜಾಗದಲ್ಲಿ ಮೇಲ್ಪದರ ತೆಳುವಾಗುತ್ತದೆ; ಅಷ್ಟರಲ್ಲೇ ಬೂಷ್ಟು ಬೇರೂರುತ್ತದೆ.

ಉಪ್ಪುನೀರು ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಗದ್ದೆಯ ರೈತರ ಒಂದು ಉಪಾಯವಿದೆ. ಜೊಳ್ಳು ಬತ್ತ ಬೇರ್ಪಡಿಸುವಾಗ ಉಪ್ಪುನೀರಿಗೆ ಕೋಳಿಮೊಟ್ಟೆ ಬಿಟ್ಟು, ಅದು ತೇಲುವವರೆಗೆ ಉಪ್ಪು ಹಾಕುತ್ತಾರೆ. ತಾಜಾ ಮೊಟ್ಟೆಯ ಸಾಂದ್ರತೆ ಸುಮಾರು 1.08. ಅಷ್ಟೇ ಸಾಂದ್ರತೆಯ ಉಪ್ಪುನೀರಿನಲ್ಲಿ ಶೇ. 11ರಷ್ಟು ಉಪ್ಪಿರುತ್ತದೆ. ಹಳೆಯ ಮೊಟ್ಟೆ ಮೋಸ ಮಾಡುತ್ತದೆ. ಒಳಗೆ ಗಾಳಿ ತುಂಬಿರುವುದರಿಂದ ಬೇಗನೆ ತೇಲುತ್ತದೆ. ಈ ಪ್ರಯೋಗವನ್ನು ಶಾಲೆಯಲ್ಲಿ ಮಾಡಬಹುದು. ಈ ಶೇ. 11 ಏಕೆ ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಉಪ್ಪಿನ ದೊಡ್ಡ ಗುಣವೆಂದರೆ ಹೆಚ್ಚಾದರೆ ತಾನೇ ಕೂಗಿ ಹೇಳುತ್ತದೆ. ಶೇ. 18 ಉಪ್ಪಿರುವ ಮಿಡಿಯನ್ನು ಯಾರೂ ಬಟ್ಟಲು ತುಂಬ ತಿನ್ನಲಾರರು. ಊಟಕ್ಕೆ ಒಂದು ತುಣುಕು ನೆಕ್ಕಿದರೆ ಆಯಿತು. ಹಾಗೆಂದು ಅದು ನಿರಪಾಯವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಇಂಥ ಉಪ್ಪಿನಕಾಯಿಯ 10 ಗ್ರಾಂ ತುಣುಕಿನಲ್ಲೇ ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಂದಾಯವಾಗಿರುತ್ತದೆ.

ಹುಳಿ

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಉಪ್ಪಾಗೆ ಮರವನ್ನು ಸಸ್ಯವಿಜ್ಞಾನಿಗಳು ಗಾರ್ಸೀನಿಯ ಗಮ್ಮಿ-ಗುಟ್ಟ ಎನ್ನುತ್ತಾರೆ. ಇದರ ಹಣ್ಣಿನ ಸಿಪ್ಪೆಯನ್ನು ಒಲೆಯ ಹೊಗೆಯಲ್ಲಿ ಒಣಗಿಸಿದರೆ ಕಪ್ಪಾಗಿ ವರ್ಷಗಟ್ಟಲೆ ಉಳಿಯುತ್ತದೆ. ಪಕ್ಕದ ಕೊಡಗಿನಲ್ಲಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಾಚಂಪುಳಿ ಎಂಬ ಕಪ್ಪು ಹುಳಿ ಮಾಡುತ್ತಾರೆ. ಹಂದಿಮಾಂಸಕ್ಕೆ ಅದಿಲ್ಲದಿದ್ದರೆ ಅಲ್ಲಿ ಅಡುಗೆಯೇ ಅಲ್ಲ. ಈ ಹುಳಿಯಲ್ಲಿರುವುದು ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲ ಎಂದು ಬಹುಕಾಲ ನಂಬಿದ್ದರು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅದರ ಮುಖ್ಯ ಆಮ್ಲ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ತೋರಿಸಿದರು. ನಮ್ಮ ಕಾಡಿನ ಹಣ್ಣಿನ ಗುಟ್ಟು ನಮ್ಮ ರಾಜ್ಯದ ಪ್ರಯೋಗಾಲಯದಲ್ಲೇ ಬಯಲಾಯಿತು.

ಹುಳಿಯ ರಕ್ಷಣೆಗೂ ಒಂದು ಗೆರೆ ಇದೆ. ಪಿಎಚ್ 4.6ಕ್ಕಿಂತ ಕೆಳಗಿರುವ ಆಹಾರದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯ ಬೆಳೆದು ವಿಷ ಉಂಟುಮಾಡಲಾರದು. ಉಪ್ಪಿನಂತೆಯೇ ಹುಳಿಯೂ ನಾಲಿಗೆಗೆ ತಿಳಿಯುತ್ತದೆ. ಆದರೆ ನಾಲಿಗೆ ಪಿಎಚ್ ಮಾಪಕವಲ್ಲ. ಬೆಲ್ಲ ಸೇರಿದರೆ ಹುಳಿ ಕಡಿಮೆಯಾದಂತೆ ತೋರುತ್ತದೆ, ಪಿಎಚ್ ಮಾತ್ರ ಅಲ್ಲೇ ಇರುತ್ತದೆ.

ಹೊಗೆ ಅಟ್ಟ

ಮಳೆಗಾಲದ ಮಲೆನಾಡಿನಲ್ಲಿ ಏನನ್ನಾದರೂ ಗಾಳಿಯಲ್ಲಿ ಒಣಗಿಸಲು ಹೋದರೆ ಅದು ಒಣಗುವುದಿಲ್ಲ. ಆಹಾರದ ಜಲಸಕ್ರಿಯತೆ ಸುತ್ತಲಿನ ಗಾಳಿಯ ಆರ್ದ್ರತೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಶೇ. 95 ಆರ್ದ್ರತೆಯ ಗಾಳಿಯಲ್ಲಿ ಬೂಷ್ಟಿಗೆ ಹಬ್ಬ. ಒಲೆಯ ಮೇಲಿನ ಅಟ್ಟ ಈ ಲೆಕ್ಕವನ್ನೇ ಬದಲಿಸುತ್ತಿತ್ತು. 20 ಡಿಗ್ರಿ ಸೆಲ್ಸಿಯಸ್‌ನ, ಶೇ. 95 ಆರ್ದ್ರತೆಯ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇ. 30ಕ್ಕೆ ಇಳಿಯುತ್ತದೆ. (ಪರ್ಯಾಪ್ತ ಬಾಷ್ಪ ಒತ್ತಡ 20 ಡಿಗ್ರಿಯಲ್ಲಿ 2.34, 40 ಡಿಗ್ರಿಯಲ್ಲಿ 7.38 ಕಿಲೋಪಾಸ್ಕಲ್, ವಿದ್ಯಾರ್ಥಿಗಳು ಭಾಗಿಸಿ ನೋಡಬಹುದು.) ಹೊರಗೆ ಧಾರಾಕಾರ ಮಳೆ, ಅಟ್ಟದ ಮೇಲೆ ಬಯಲುಸೀಮೆಯ ಬೇಸಗೆ! ಉಪ್ಪು ಅರಿಸಿನ ಸವರಿ ಸಾಲಾಗಿ ತೂಗುಹಾಕಿದ ಬಾಡು, ಉಪ್ಪಾಗೆ ಸಿಪ್ಪೆ, ಬೀಜದ ಸೌತೆಕಾಯಿ ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಶಾಖದ ಜೊತೆಗೆ ಹೊಗೆಯೂ ಕೆಲಸ ಮಾಡುತ್ತಿತ್ತು. ಸೌದೆಹೊಗೆಯಲ್ಲಿ ಫೀನಾಲುಗಳು, ಅಸಿಟಿಕ್ ಆಮ್ಲ, ಫಾರ್ಮಾಲ್ಡಿಹೈಡ್ ಇವೆ. ಇವು ಮೇಲ್ಮೈಯ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ; ಫೀನಾಲುಗಳು ಕೊಬ್ಬು ಕಮಟಾಗುವುದನ್ನೂ ತಡೆಯುತ್ತವೆ. ಆದರೆ ಇಲ್ಲಿ ನಾಲಿಗೆ ಮೊದಲ ಬಾರಿಗೆ ಸೋಲುತ್ತದೆ. ಅದೇ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಬಹುಚಕ್ರ ಹೈಡ್ರೊಕಾರ್ಬನ್‌ಗಳೂ ಇವೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಕಲ್ಲಿದ್ದಲ ಟಾರಿನಿಂದ ಬೇರ್ಪಡಿಸಿದ ಈ ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಈಗ ದೃಢಪಟ್ಟಿದೆ. ಯುರೋಪಿನ ಒಕ್ಕೂಟ ಹೊಗೆಮಾಂಸದಲ್ಲಿ ಇದಕ್ಕೆ ವಿಧಿಸಿರುವ ಮಿತಿ ಕಿಲೋಗ್ರಾಮಿಗೆ 2 ಮೈಕ್ರೊಗ್ರಾಂ. ಇಂಥ ಅಳತೆ ಯಾವ ನಾಲಿಗೆಗೂ ಸಿಗದು. 'ಅಜ್ಜಿಯ ಕಾಲದ್ದು, ಆದ್ದರಿಂದ ಸುರಕ್ಷಿತ' ಎನ್ನುವವರಿಗೆ ಹೊಗೆ ಅಟ್ಟ ಒಳ್ಳೆಯ ಉತ್ತರ. ಆ ಅಜ್ಜಿಯ ಕಣ್ಣು, ಶ್ವಾಸಕೋಶಗಳು ಅದಕ್ಕೆ ತೆತ್ತ ಬೆಲೆಯನ್ನಂತೂ ಯಾರೂ ಲೆಕ್ಕ ಇಡಲಿಲ್ಲ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಈ ವಸ್ತುಗಳು ಹೆಚ್ಚುತ್ತವೆ. ದೂರದ, ತಣ್ಣನೆಯ ಹೊಗೆಯಲ್ಲಿ ಕಡಿಮೆ.

ಕಳಲೆಯ ಪಾಠ

ಮೊದಲ ಮಳೆಗೆ ನೆಲದಿಂದ ಏಳುವ ಬಿದಿರಿನ ಮೊಳಕೆ, ಅಂದರೆ ಕಳಲೆ, ಈ ಗುಡ್ಡಗಳ ಮಳೆಗಾಲದ ಹೆಮ್ಮೆ. ಅದನ್ನು ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಿ, ಆಮೇಲೆ ಬೇಯಿಸುವುದು ವಾಡಿಕೆ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದೆ. ಹೆಚ್ಚಿದಾಗ ಕೋಶಗಳು ಒಡೆದು, ಕಿಣ್ವ ಅದರೊಡನೆ ಬೆರೆತು, ಹೈಡ್ರೊಜನ್ ಸಯನೈಡ್ ಹೊರಬರುತ್ತದೆ. ಈ ಸಯನೈಡಿನ ಕುದಿಬಿಂದು ಕೇವಲ 26 ಡಿಗ್ರಿ. ನೀರು ಬದಲಿಸಿ, ಮುಚ್ಚಳ ತೆರೆದು ಕುದಿಸಿದರೆ ಬಹುಪಾಲು ಹೋಗುತ್ತದೆ. ಟ್ಯಾಕ್ಸಿಫಿಲಿನ್ ಕಹಿಯಾದ್ದರಿಂದ ಇಲ್ಲಿ ನಾಲಿಗೆ ಮತ್ತೆ ನೆರವಿಗೆ ಬರುತ್ತದೆ.

ಆದರೆ ಕಳಲೆಯನ್ನು ಡಬ್ಬಿಯಲ್ಲಿ ಕೂಡಿಡಲು ಹೊರಟಾಗ ಬೇರೊಂದು ಅಪಾಯ ಎದುರಾಗುತ್ತದೆ. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ನಾನ್ ಪ್ರಾಂತದ ಹಳ್ಳಿಯೊಂದರಲ್ಲಿ ಉತ್ಸವದ ಊಟಕ್ಕೆ ಮನೆಮಟ್ಟದಲ್ಲಿ ಡಬ್ಬಿಗೆ ತುಂಬಿಟ್ಟಿದ್ದ ಕಳಲೆ ಬಡಿಸಿದರು. 209 ಜನ ಬಾಟುಲಿಸಂಗೆ ತುತ್ತಾದರು. 42 ಮಂದಿಗೆ ಕೃತಕ ಉಸಿರಾಟ ಬೇಕಾಯಿತು. ತುರ್ತಾಗಿ ಪ್ರತಿವಿಷ ಒದಗಿದ್ದರಿಂದ ಯಾರೂ ಸಾಯಲಿಲ್ಲ. ಆದದ್ದಿಷ್ಟೆ: ಕಳಲೆಯನ್ನು ಡಬ್ಬಿಯಲ್ಲಿ ಮುಚ್ಚಿ ಸಾಧಾರಣ ಕುದಿನೀರಿನಲ್ಲಿ ಬೇಯಿಸಿದ್ದರು. ಬಾಟುಲಿನಂ ಬೀಜಾಣುಗಳು ಕುದಿನೀರಿಗೆ ಸಾಯುವುದಿಲ್ಲ. ಅವಕ್ಕೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಬೇಕು. ಹೆಚ್ಚು ಹುಳಿಯಿಲ್ಲ, ಸಾಕಷ್ಟು ಉಪ್ಪಿಲ್ಲ, ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕವೂ ಇಲ್ಲ. ಬದುಕುಳಿದ ಬೀಜಾಣುಗಳಿಗೆ ಬೇಕಾದ್ದೂ ಅದೇ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಬಾಟುಲಿನಂ ಬ್ಯಾಕ್ಟೀರಿಯವನ್ನು ಉಪ್ಪಿನಿಂದಲೇ ತಡೆಯಬೇಕಾದರೆ ಕಳಲೆಯ ಒಳಗೂ ಹೊರಗೂ ಶೇ. 10ರಷ್ಟು ಉಪ್ಪು ಬೇಕು. ಮೊಟ್ಟೆ ತೇಲಿಸುವ ಶೇ. 11 ಇದರ ಅಂಚಿನಲ್ಲೇ ಇದೆ. ಕಳಲೆ ತನ್ನ ನೀರನ್ನು ಬಿಟ್ಟು ಉಪ್ಪುನೀರನ್ನು ತೆಳುಮಾಡುವುದರಿಂದ, ಹಾಕಿದ ದಿನ ತೇಲಿದ ಮೊಟ್ಟೆ ವಾರದ ಮೇಲೆ ಮುಳುಗಬಹುದು. ಬಾಟುಲಿನಂ ವಿಷಕ್ಕೆ ರುಚಿಯಿಲ್ಲ. ಈ ಶತ್ರುವಿನ ಮುಂದೆ ನಾಲಿಗೆ ಪೂರ್ತಿ ನಿರುಪಯುಕ್ತ. ವಿಷವನ್ನು ಮಾತ್ರ 85 ಡಿಗ್ರಿಯಲ್ಲಿ ಐದು ನಿಮಿಷ ಕುದಿಸಿ ಕೆಡಿಸಬಹುದು. ಕೂಡಿಟ್ಟ ಕಳಲೆಯನ್ನು ತಿನ್ನುವ ಮುನ್ನ ಚೆನ್ನಾಗಿ ಕುದಿಸುವ ನಮ್ಮ ಅಭ್ಯಾಸ ಎಷ್ಟು ಮನೆಗಳನ್ನು ಕಾಪಾಡಿದೆಯೋ.

ಪೆಟ್ಲುಪ್ಪು: ಕೋಟೆಯಿಂದ ಅಡುಗೆಮನೆಗೆ

ಈ ಬ್ಯಾಕ್ಟೀರಿಯ ಪತ್ತೆಯಾದದ್ದೂ ಉಪ್ಪು ಹಚ್ಚಿದ ಮಾಂಸದಲ್ಲೇ. 1895ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಎಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಉಪ್ಪುಹಾಕಿದ ಹಂದಿತೊಡೆಯ ಮಾಂಸ ತಿಂದು ಕಾಯಿಲೆಬಿದ್ದರು. ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದಲೇ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಸಾಕಷ್ಟು ಗಟ್ಟಿಯಾದ ಉಪ್ಪುನೀರಿನಲ್ಲಿ ಅದು ವಿಷ ಉಂಟುಮಾಡದೆಂದೂ ಕಂಡುಕೊಂಡರು.

ಮಾಂಸಕ್ಕೆ ಉಪ್ಪಿನ ಜೊತೆ ಇನ್ನೊಂದು ಲವಣವನ್ನೂ ಯುರೋಪಿನಲ್ಲಿ ಶತಮಾನಗಳಿಂದ ಹಾಕುತ್ತಿದ್ದರು. ಅದೇ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಸಕಲೇಶಪುರದವರಿಗೆ ಈ ವಸ್ತು ಅಪರಿಚಿತವಲ್ಲ, ಆದರೆ ಬೇರೆ ಕಾರಣಕ್ಕೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಗೆ ಶಾಲಾ ಪ್ರವಾಸ ಹೋದವರೆಲ್ಲ ಮದ್ದಿನ ನೆಲಮನೆಗಳನ್ನು ನೋಡಿರುತ್ತಾರೆ. ಕರಿಮದ್ದಿನ ತೂಕದಲ್ಲಿ ಸುಮಾರು ಮುಕ್ಕಾಲು ಭಾಗ ಪೆಟ್ಲುಪ್ಪೇ. ಹಳೆಯ ಹಟ್ಟಿ, ದನದ ಕೊಟ್ಟಿಗೆಗಳ ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಕುದಿಸಿ ಹರಳುಗಟ್ಟಿಸುವುದು ಅದನ್ನು ತೆಗೆಯುವ ದೇಶೀಯ ವಿಧಾನ. ಗಂಜಲದ ಅಮೋನಿಯವನ್ನು ನೈಟ್ರೇಟ್ ಮಾಡುವ ಮಣ್ಣಿನ ಬ್ಯಾಕ್ಟೀರಿಯಗಳ ಬಗ್ಗೆ ವಿನೊಗ್ರಾಡ್‌ಸ್ಕಿ ವಿವರಿಸಿದ್ದು 1890ರಲ್ಲಿ. ಕೆಲಸ ಅದಕ್ಕೆ ಮುಂಚಿನಿಂದಲೂ ನಡೆದೇ ಇತ್ತು.

19ನೆಯ ಶತಮಾನದ ನಡುವೆ ಮಂಜರಾಬಾದಿನ ಕಾಡಿಗೆ ಯುರೋಪಿನ ಕಾಫಿ ಬೆಳೆಗಾರರು ಬಂದರು. ಅವರಲ್ಲಿ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯದ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಅಂಥವರೊಡನೆ ಬಂದ ಅಡುಗೆಯಲ್ಲಿ ಮಾಂಸವನ್ನು ಉಪ್ಪು, ಸಕ್ಕರೆ, ನಿಂಬೆರಸ ಮತ್ತು ಚಿಟಿಕೆ ಪೆಟ್ಲುಪ್ಪಿನೊಡನೆ ನೆನೆಹಾಕುವ ಕ್ರಮವಿತ್ತು. ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಅದು ಇಂದಿಗೂ ಉಳಿದಿದೆ. ಪೆಟ್ಲುಪ್ಪು ಹಾಕಿದ ಮಾಂಸ ಬೇಯಿಸಿದರೂ ಕೆಂಪಾಗಿಯೇ ಇರುತ್ತದೆ. ಏಕೆ?

ಮಾಂಸದ ಬಣ್ಣಕ್ಕೂ ರಕ್ಷಣೆಗೂ ನೈಟ್ರೇಟ್ ನೇರವಾಗಿ ಕಾರಣವಲ್ಲ. ಜರ್ಮನಿಯ ಪೊಲೆನ್‌ಸ್ಕೆ 1891ರಲ್ಲಿ, ಉಪ್ಪುಹಾಕಿದ ಮಾಂಸದಲ್ಲಿ ನೈಟ್ರೈಟ್ ಇರುವುದನ್ನು ಕಂಡ. ಬ್ಯಾಕ್ಟೀರಿಯಗಳು ನೈಟ್ರೇಟಿನಿಂದ ಒಂದು ಆಮ್ಲಜನಕ ಪರಮಾಣುವನ್ನು ಕಿತ್ತುಕೊಂಡು ಅದನ್ನು ನೈಟ್ರೈಟ್ ಮಾಡಿದ್ದವು. 1901ರಲ್ಲಿ ಜೆ.ಎಸ್. ಹಾಲ್ಡೇನ್, ನೈಟ್ರೈಟಿನಿಂದ ಬಂದ ನೈಟ್ರಿಕ್ ಆಕ್ಸೈಡು ಮಾಂಸದ ವರ್ಣಕದೊಡನೆ ಕೂಡಿ ಈ ಕೆಂಪನ್ನು ಕೊಡುತ್ತದೆಂದು ವಿವರಿಸಿದರು. ಬಾಟುಲಿನಂ ಬೀಜಾಣುಗಳಿಂದ ಹೊಮ್ಮಿದ ಬ್ಯಾಕ್ಟೀರಿಯಗಳನ್ನು ಬೆಳೆಯಗೊಡದ ಶಕ್ತಿಯೂ ನೈಟ್ರೈಟಿನದೇ. ಆದರೆ ಪೆಟ್ಲುಪ್ಪಿನಿಂದ ಎಷ್ಟು ನೈಟ್ರೈಟ್ ಹುಟ್ಟುತ್ತದೆ ಎಂಬುದು ಬ್ಯಾಕ್ಟೀರಿಯ, ಉಷ್ಣತೆ, ದಿನಗಳು ಇವುಗಳ ಮರ್ಜಿಗೆ ಬಿಟ್ಟದ್ದು. ಆದ್ದರಿಂದಲೇ ಅಮೆರಿಕದ ಕೃಷಿ ಇಲಾಖೆ 1925ರಲ್ಲಿ ನೈಟ್ರೈಟನ್ನೇ ನೇರವಾಗಿ ಬಳಸಲು ಅನುಮತಿಸಿ, ಸಿದ್ಧ ಮಾಂಸದಲ್ಲಿ ಅದು ದಶಲಕ್ಷಕ್ಕೆ 200 ಭಾಗ ಮೀರಬಾರದೆಂದಿತು. ಅಂದರೆ ಕಿಲೋಗೆ 0.2 ಗ್ರಾಂ.

ನೈಟ್ರೈಟ್ ನೋಡಲು ಉಪ್ಪಿನಂತೆಯೇ ಇರುತ್ತದೆ, ರುಚಿಯೂ ಉಪ್ಪುಪ್ಪು. 1944ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಒಂದು ಅಗ್ಗದ ಊಟದಮನೆಯಲ್ಲಿ ಓಟ್ಸ್ ಗಂಜಿ ತಿಂದ ಹನ್ನೊಂದು ಮಂದಿ ಮೈಯೆಲ್ಲ ನೀಲಿಗಟ್ಟಿ ಆಸ್ಪತ್ರೆ ಸೇರಿದರು, ಒಬ್ಬ ಸತ್ತ. ಉಪ್ಪೆಂದು ಹಾಕಿದ್ದು ಸೋಡಿಯಂ ನೈಟ್ರೈಟ್ ಆಗಿತ್ತು. ಅದು ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಸಾಗಿಸಲಾರದ ಮೆಥಿಮೊಗ್ಲೋಬಿನ್ ಆಗಿ ಬದಲಿಸುತ್ತದೆ. ಎರಡನೆಯ ಅಪಾಯ ನಿಧಾನದ್ದು. 1956ರಲ್ಲಿ ಮಗೀ ಮತ್ತು ಬಾರ್ನ್ಸ್, ಒಂದು ನೈಟ್ರೊಸಮೀನ್ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆ ತರುವುದನ್ನು ತೋರಿಸಿದರು. ನೈಟ್ರೈಟ್ ಮತ್ತು ಮಾಂಸದ ಅಮೀನುಗಳು ಕೂಡಿದರೆ ಇಂಥ ನೈಟ್ರೊಸಮೀನುಗಳು ಹುಟ್ಟಬಲ್ಲವು, ಅದರಲ್ಲೂ ಹೆಚ್ಚು ಉರಿಯಲ್ಲಿ ಹುರಿದಾಗ. ಸಂಸ್ಕರಿಸಿದ ಮಾಂಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಇಷ್ಟು ವಿವರ ಏಕೆಂದರೆ, ಈಗ ಮನೆಯಲ್ಲೇ ಬೇಕನ್ ಮಾಡುವ ಹವ್ಯಾಸ ನಮ್ಮ ಗುಡ್ಡಗಳ ಹೋಂಸ್ಟೇಗಳಿಗೂ ಬಂದಿದೆ. ಅಂತರಜಾಲದಲ್ಲಿ ಶೇ. 6.25 ನೈಟ್ರೈಟ್ ಬೆರೆಸಿದ ಗುಲಾಬಿ ಬಣ್ಣದ ಉಪ್ಪು ಸಿಗುತ್ತದೆ. ಸಾಮಾನ್ಯ ಉಪ್ಪೆಂದು ಭ್ರಮಿಸದಿರಲಿ ಎಂದೇ ಅದಕ್ಕೆ ಬಣ್ಣ ಹಾಕುತ್ತಾರೆ. ಆದರೆ ನಮ್ಮಲ್ಲಿ ಗುಲಾಬಿ ಉಪ್ಪು ಎಂದರೆ ಸೈಂಧವ ಲವಣ! ಒಂದು ದೇಶದ ಎಚ್ಚರಿಕೆಯ ಬಣ್ಣ ಇನ್ನೊಂದು ದೇಶದಲ್ಲಿ ಆರೋಗ್ಯದ ಬಣ್ಣ. ಒಂದು ಕಿಲೋ ಮಾಂಸಕ್ಕೆ ಇದರ 2.5 ಗ್ರಾಂ ಹಾಕಿದರೆ ನೈಟ್ರೈಟ್ ದಶಲಕ್ಷಕ್ಕೆ 156 ಭಾಗ. ಚಮಚೆಯಲ್ಲಿ ಅಂದಾಜು ಮಾಡಿದರೆ ಎಷ್ಟೆಂದು ಯಾರೂ ಹೇಳಲಾರರು. ತೋಟದ ಮನೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಎಲೆಗೆ ಸಿಂಪಡಿಸಲು ತಂದ 13-0-45 ಗೊಬ್ಬರವೂ ಪೊಟ್ಯಾಸಿಯಂ ನೈಟ್ರೇಟೇ. 'ಅದೇ ಪೆಟ್ಲುಪ್ಪಲ್ಲವೇ' ಎಂದು ಆ ಚೀಲಕ್ಕೆ ಕೈಹಾಕಬಾರದು. ಅದನ್ನು ಶುದ್ಧಗೊಳಿಸಿರುವುದು ಗಿಡಕ್ಕೆ, ಹೊಟ್ಟೆಗಲ್ಲ.

ಶರಬತ್ತಿನ ಸೀಸೆ

ಮಾಂಸ ತಿನ್ನದ ಮನೆಗಳಿಗೂ ಬಿಳಿಯ ಪುಡಿ ಬಂದಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಶನ್ನಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. 1955ರ ಹಣ್ಣಿನ ಉತ್ಪನ್ನಗಳ ಆದೇಶ, ಸ್ಕ್ವಾಷ್‌ಗಳಲ್ಲಿ ಗಂಧಕದ ಡೈಆಕ್ಸೈಡು ದಶಲಕ್ಷಕ್ಕೆ 350 ಭಾಗ, ಇಲ್ಲವೇ ಬೆಂಜೊಯಿಕ್ ಆಮ್ಲ 600 ಭಾಗ ಮೀರಬಾರದೆಂದು ಗೊತ್ತುಮಾಡಿತು. ಹಣ್ಣು ಸಂರಕ್ಷಣೆಯ ತರಬೇತಿಗಳ ಮೂಲಕ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಮತ್ತು ಸೋಡಿಯಂ ಬೆಂಜೊಯೇಟ್ ಗೃಹಿಣಿಯರ ಕೈಸೇರಿದವು.

ಲೆಕ್ಕ ಮಾಡೋಣ. ಮೆಟಾಬೈಸಲ್ಫೈಟಿನ ಅಣುತೂಕ 222. ಅದರಿಂದ ಗಂಧಕದ ಡೈಆಕ್ಸೈಡಿನ ಎರಡು ಅಣುಗಳು ಬರುತ್ತವೆ, ಅಂದರೆ 128. ಪುಡಿಯ ತೂಕದ ಶೇ. 57.6 ಭಾಗ ಅನಿಲ. 350 ಮಿಲಿಗ್ರಾಂ ಬೇಕಾದರೆ ಒಂದು ಕಿಲೋ ಸ್ಕ್ವಾಷ್‌ಗೆ ಸುಮಾರು 0.6 ಗ್ರಾಂ ಪುಡಿ ಸಾಕು. ಒಂದು ಮಟ್ಟಸ ಚಹಾ ಚಮಚೆಯಲ್ಲಿ 5 ಗ್ರಾಂ ಹಿಡಿಯುತ್ತದೆಂದುಕೊಂಡರೆ ಮಿತಿಯ ಎಂಟು ಪಟ್ಟು ಆಯಿತು. ಜೀವನವಿಡೀ ದಿನಾ ಸೇವಿಸಬಹುದಾದ ಮಿತಿಯನ್ನು ತಜ್ಞರು ದೇಹತೂಕದ ಕಿಲೋಗೆ 0.7 ಮಿಲಿಗ್ರಾಂ ಎಂದಿದ್ದಾರೆ. 20 ಕಿಲೋ ತೂಗುವ ಮಗುವಿಗೆ 14 ಮಿಲಿಗ್ರಾಂ. ಸರಿಯಾದ ಅಳತೆಯ ಸ್ಕ್ವಾಷ್ 50 ಗ್ರಾಂ ಬೆರೆಸಿದ ಒಂದು ಲೋಟದಲ್ಲೇ ಗರಿಷ್ಠ 17.5 ಮಿಲಿಗ್ರಾಂ ಇರಬಹುದು. ಚಮಚೆ ಲೆಕ್ಕದ್ದಾದರೆ 140 ದಾಟುತ್ತದೆ. ಆಸ್ತಮಾ ಇರುವ ಕೆಲವರಿಗೆ ಈ ಅನಿಲದಿಂದ ಉಸಿರು ಕಟ್ಟುತ್ತದೆ.

ಬೆಂಜೊಯೇಟಿನ ಕತೆ ಬೇರೆ. ಅದು ವಿಘಟನೆಯಾಗದ ಬೆಂಜೊಯಿಕ್ ಆಮ್ಲದ ರೂಪದಲ್ಲಿದ್ದಾಗ ಮಾತ್ರ ಸೂಕ್ಷ್ಮಜೀವಿಯ ಕೋಶದೊಳಗೆ ನುಗ್ಗುತ್ತದೆ. ಪಿಎಚ್ 3ರಲ್ಲಿ ಶೇ. 94 ಹಾಗಿರುತ್ತದೆ, 4.2ರಲ್ಲಿ ಅರ್ಧ, 6ರಲ್ಲಿ ಶೇ. 2ಕ್ಕೂ ಕಡಿಮೆ. ನಿಂಬೆಯ ಶರಬತ್ತಿಗೆ ಅದು ಕಾವಲುಗಾರ. ತೆಂಗಿನಕಾಯಿ ಚಟ್ನಿಗೆ ಹಾಕಿದರೆ ವ್ಯರ್ಥ. ಕೆಡುತ್ತಿದೆಯೆಂದು ಇನ್ನಷ್ಟು ಸುರಿದರೆ ಚಟ್ನಿ ಕೆಡುವುದು ನಿಲ್ಲುವುದಿಲ್ಲ, ತಿನ್ನುವವರ ಹೊಟ್ಟೆಗೆ ಪುಡಿ ಮಾತ್ರ ಹೆಚ್ಚು ಹೋಗುತ್ತದೆ.

ಆಲೂರಿನ ಕಡೆ ನಮ್ಮ ಅತ್ತೆಯೊಬ್ಬರು ತರಬೇತಿಯೊಂದರಲ್ಲಿ ಕಲಿತು ಬಂದು ಪುನರ್ಪುಳಿ ರಸಕ್ಕೆ ಮೆಟಾಬೈಸಲ್ಫೈಟ್ ಹಾಕಿದ್ದರು. ಮರುದಿನ ನೋಡಿದರೆ ರಕ್ತಗೆಂಪಿನ ರಸ ಪೇಲವವಾಗಿತ್ತು. ಆ ಕೆಂಪು ಆಂಥೊಸಯನಿನ್‌ಗಳದು. ಗಂಧಕದ ಡೈಆಕ್ಸೈಡು ಅವುಗಳೊಡನೆ ಕೂಡಿ ಬಣ್ಣ ಕಳೆಯುತ್ತದೆ. ಬಣ್ಣದ ಹಣ್ಣಿನ ರಸಕ್ಕೆ ಬೆಂಜೊಯೇಟ್ ಹಾಕಬೇಕೆಂಬ ನಿಯಮ ಬಂದದ್ದೇ ಹೀಗೆ. ಹಾಕಿದ್ದು ಎಷ್ಟು ಎಂದು ಕೇಳಿದೆ. 'ಒಂದು ಚಿಟಿಕೆ ಎಂದಿದ್ದರು, ನಮ್ಮ ಮನೆಯ ಚಿಟಿಕೆ ಸ್ವಲ್ಪ ದೊಡ್ಡದು ನೋಡಪ್ಪ' ಎಂದರು. ಈಗ ಅವರ ಪುಡಿಯ ಡಬ್ಬಿಯಲ್ಲಿ 0.01 ಗ್ರಾಂ ತೋರಿಸುವ ಅಂಗೈಯಗಲದ ವಿದ್ಯುತ್ ತಕ್ಕಡಿಯೊಂದು ಇದೆ. ಕೆಲವು ನೂರು ರೂಪಾಯಿಯದು. ಮಿಡಿ ಜಾಡಿಗೆ ಉಪ್ಪು ಹಾಕುವಾಗ ಮಾತ್ರ ಅವರು ಅದನ್ನು ಮುಟ್ಟುವುದಿಲ್ಲ.